ನಿಧಾನವಾಗಿ ತೂಕ ಇಳಿಸುವವರ ಕ್ಯಾಲೊರಿ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರ ಲೆಕ್ಕ ಬಿಡಿಸಿ ನೋಡಿದರೆ ತಪ್ಪು ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು, ಅಳೆಯದೆ ಬಾಣಲೆಗೆ ಸುರಿದ ಎಣ್ಣೆ. ಇನ್ನೊಂದು, ಒಂದೇ ದಿನದ ತೂಕ ನೋಡಿ ಮಾಡಿಕೊಂಡ ತೀರ್ಮಾನ. ಎರಡನ್ನೂ ಸರಿಪಡಿಸಬಹುದು. ಅದಕ್ಕೆ ಬೇಕಾದ ಸಾಮಾನೂ ಹೆಚ್ಚಿಲ್ಲ: ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಮೈತೂಕ ನೋಡುವ ಯಂತ್ರ, ಒಂದು ಅಳತೆ ಟೇಪು, ಬರೆದಿಡಲು ಪುಸ್ತಕ ಇಲ್ಲವೇ ಫೋನು.

ಈ ಲೆಕ್ಕಕ್ಕೆ ಯಾರು ಕೈ ಹಾಕಬಾರದು?

ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, 18 ವರ್ಷ ತುಂಬದವರು, ಬಿಎಂಐ (ಕಿಲೋ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ) 18.5ಕ್ಕಿಂತ ಕಡಿಮೆ ಇರುವವರು ತಾವಾಗಿ ಊಟ ಕಡಿತ ಮಾಡಬಾರದು. ಊಟ ಕಂಡರೆ ಭಯವಾಗುವುದು, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು, ಹಿಡಿತ ತಪ್ಪಿ ತಿಂದು ಆಮೇಲೆ ಉಪವಾಸ ಬೀಳುವುದು, ಇಂಥ ತೊಂದರೆ ಈಗ ಇರಲಿ, ಹಿಂದೆ ಇದ್ದಿರಲಿ, ಅಂಕಿಗಳನ್ನು ದಿನವೂ ಬರೆಯುವ ಕೆಲಸ ಅದನ್ನು ಕೆರಳಿಸಬಹುದು. ಅಂಥವರು ಮೊದಲು ವೈದ್ಯರೊಂದಿಗೆ ಮಾತಾಡಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಲ್ಫೋನೈಲ್ ಯೂರಿಯಾ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡುವ ಮುನ್ನವೇ ಔಷಧದ ಪ್ರಮಾಣದ ಬಗ್ಗೆ ಕೇಳಿಕೊಳ್ಳಬೇಕು. ಹಳೆಯ ಪ್ರಮಾಣದ ಔಷಧ, ಹೊಸ ಪ್ರಮಾಣದ ಊಟ ಜೊತೆಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ತೂಕ ಇಳಿದಂತೆ ಎದ್ದು ನಿಂತಾಗ ತಲೆ ಸುತ್ತಬಹುದು. ಅದೂ ವೈದ್ಯರಿಗೆ ತಿಳಿಸಬೇಕಾದ ವಿಷಯವೇ. ಮೂತ್ರಪಿಂಡದ ಕಾಯಿಲೆ ಇದ್ದವರು ಕೆಳಗಿನ ಪ್ರೋಟೀನ್ ಪ್ರಮಾಣವನ್ನು ಪಾಲಿಸಬಾರದು.

ಕ್ಯಾಲೊರಿ ಅಂದರೆ ನಿಖರವಾಗಿ ಏನು?

ಶಕ್ತಿಯ ಅಳತೆ. ಆಹಾರದ ವಿಷಯದಲ್ಲಿ ನಾವು ಕ್ಯಾಲೊರಿ ಎನ್ನುವುದು ಕಿಲೋಕ್ಯಾಲೊರಿಯನ್ನು: ಒಂದು ಕಿಲೋ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾದಷ್ಟು ಶಾಖ. ಪೊಟ್ಟಣದ ಮೇಲೆ ಕಿಲೋಜೌಲ್ ಬರೆದಿದ್ದರೆ 4.184ರಿಂದ ಭಾಗಿಸಿ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4, ಪ್ರೋಟೀನಿನಲ್ಲಿ 4, ಕೊಬ್ಬಿನಲ್ಲಿ 9, ಮದ್ಯಸಾರದಲ್ಲಿ 7 ಕ್ಯಾಲೊರಿ. ಈ ನಾಲ್ಕು ಅಂಕಿ ನೆನಪಿದ್ದರೆ ಎಣ್ಣೆಗೆ ನಾವು ಯಾಕೆ ಇಷ್ಟು ಒತ್ತು ಕೊಡುತ್ತೇವೆ ಎನ್ನುವುದು ತಿಳಿಯುತ್ತದೆ.

ನನ್ನ ದೇಹ ದಿನಕ್ಕೆ ಎಷ್ಟು ಖರ್ಚು ಮಾಡುತ್ತದೆ?

1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಶುರು ಮಾಡಲು ಸಾಕು. ತೂಕ ಕಿಲೋದಲ್ಲಿ, ಎತ್ತರ ಸೆಂಟಿಮೀಟರಿನಲ್ಲಿ, ವಯಸ್ಸು ವರ್ಷದಲ್ಲಿ ಇರಲಿ:

(10 × ತೂಕ) + (6.25 × ಎತ್ತರ) − (5 × ವಯಸ್ಸು). ಬಂದ ಮೊತ್ತಕ್ಕೆ ಗಂಡಸರು 5 ಕೂಡಿಸಬೇಕು, ಹೆಂಗಸರು 161 ಕಳೆಯಬೇಕು.

ಇದು ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿ. ಇದನ್ನು ಓಡಾಟಕ್ಕೆ ತಕ್ಕ ಗುಣಕದಿಂದ ಗುಣಿಸಬೇಕು. ದಿನವಿಡೀ ಕೂತು ಕೆಲಸ ಮಾಡುವವರಿಗೆ 1.2, ವಾರಕ್ಕೆ ಒಂದರಿಂದ ಮೂರು ದಿನ ಹಗುರ ವ್ಯಾಯಾಮ ಮಾಡುವವರಿಗೆ 1.375, ಮೂರರಿಂದ ಐದು ದಿನ ಚೆನ್ನಾಗಿ ಬೆವರುವವರಿಗೆ 1.55.

ಉದಾಹರಣೆಗೆ 35 ವರ್ಷ, 160 ಸೆಂ.ಮೀ., 74 ಕಿಲೋ ತೂಕದ ಹೆಂಗಸು: 740 + 1000 − 175 − 161 = 1404. ಗುಣಕ 1.375 ಆದರೆ ದಿನದ ಖರ್ಚು ಸುಮಾರು 1930 ಕ್ಯಾಲೊರಿ.

ಜನ ಎಡವುವುದು ಗುಣಕದ ಆಯ್ಕೆಯಲ್ಲಿ. ಮೂರು ದಿನ ಅರ್ಧರ್ಧ ಗಂಟೆ ನಡೆದು ಉಳಿದ ಹೊತ್ತೆಲ್ಲ ಕುರ್ಚಿಯಲ್ಲೇ ಇರುವವರು 1.55 ಹಾಕಿಕೊಂಡರೆ ಇದೇ ಹೆಂಗಸಿನ ಲೆಕ್ಕ 2176ಕ್ಕೆ ಏರುತ್ತದೆ. ಸುಮಾರು 250 ಕ್ಯಾಲೊರಿ ಕಾಗದದ ಮೇಲೆ ಮಾತ್ರ ಹುಟ್ಟಿಕೊಂಡಿತು. ಕಡಿತ ಮಾಡಬೇಕೆಂದಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಎರಡು ಗುಣಕಗಳ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ಹಿಡಿಯಿರಿ.

ಆ ಖರ್ಚಿನಿಂದ ಎಷ್ಟು ಕಳೆಯಬೇಕು?

ದಿನಕ್ಕೆ 300ರಿಂದ 500. ಒಂದು ಕಿಲೋ ಮೈಕೊಬ್ಬು ಕರಗಲು ಸುಮಾರು 7700 ಕ್ಯಾಲೊರಿ ಕೊರತೆ ಬೇಕು. (ಕೊಬ್ಬಿನ ಕಿಲೋಗೆ 9000 ಆಗಬೇಕಲ್ಲ ಎಂದು ಕೇಳಬಹುದು. ದೇಹದ ಕೊಬ್ಬಿನ ಪದರದಲ್ಲಿ ನೀರು, ಪ್ರೋಟೀನ್ ಕೂಡ ಸೇರಿರುತ್ತವೆ, ಅದಕ್ಕೇ ಅಷ್ಟಿಲ್ಲ.) ದಿನಕ್ಕೆ 400 ಕಡಿಮೆ ತಿಂದರೆ ವಾರಕ್ಕೆ 2800, ಅಂದರೆ ಸುಮಾರು 360 ಗ್ರಾಂ. ಮೇಲಿನ ಉದಾಹರಣೆಯವರ ಗುರಿ ಹೀಗೆ ದಿನಕ್ಕೆ 1530 ಆಗುತ್ತದೆ.

ವೈದ್ಯರ ನಿಗಾ ಇಲ್ಲದೆ ಹೆಂಗಸರು 1200ಕ್ಕಿಂತ, ಗಂಡಸರು 1500ಕ್ಕಿಂತ ಕೆಳಗೆ ಹೋಗಬೇಡಿ. ಅದಕ್ಕಿಂತ ಕಡಿಮೆಯಾದರೆ ಕಬ್ಬಿಣ, ಕ್ಯಾಲ್ಸಿಯಂ, ಬಿ ಜೀವಸತ್ವಗಳಂಥವನ್ನು ಬರೀ ಊಟದಿಂದ ತುಂಬಿಕೊಳ್ಳುವುದು ಕಷ್ಟ. ನಿಮ್ಮ ಲೆಕ್ಕದಲ್ಲಿ 500 ಕಳೆದಾಗ ಈ ಗೆರೆಯ ಕೆಳಗೆ ಬಂದರೆ ಕಳೆಯುವುದನ್ನು 200ಕ್ಕೆ ಇಳಿಸಿ, ದಿನಕ್ಕೆ ಅರ್ಧ ಗಂಟೆ ನಡಿಗೆ ಸೇರಿಸಿ.

ಬೇಗ ಇಳಿಸಿ ಮುಗಿಸಿಬಿಟ್ಟರೆ ಆಗದೇ?

ಇಳಿಯುತ್ತದೆ, ಆದರೆ ಇಳಿದ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚಾಗುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಸುವವರಲ್ಲಿ ಪಿತ್ತಕೋಶದ ಕಲ್ಲಿನ ಸಂಭವ ಏರುತ್ತದೆ. ಇನ್ನು ಮನಸ್ಸಿನ ಮಾತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಆನ್ಸೆಲ್ ಕೀಸ್ 1944–45ರಲ್ಲಿ ನಡೆಸಿದ ಪ್ರಯೋಗದಲ್ಲಿ 36 ಆರೋಗ್ಯವಂತ ಯುವಕರು 24 ವಾರ ಅರೆಹೊಟ್ಟೆಯಲ್ಲಿ ಇದ್ದರು. ಅವರಿಗೆ ದಿನಕ್ಕೆ ಸುಮಾರು 1570 ಕ್ಯಾಲೊರಿ ಸಿಗುತ್ತಿತ್ತು, ವಾರಕ್ಕೆ ಸುಮಾರು 35 ಕಿಲೋಮೀಟರ್ ನಡೆಯಬೇಕಿತ್ತು. ಹಗಲೂ ರಾತ್ರಿ ಊಟದ್ದೇ ಯೋಚನೆ, ಮೈಯೆಲ್ಲ ಚಳಿ, ಖಿನ್ನತೆ ಅವರನ್ನು ಹಿಡಿದವು. ಊಟ ಮತ್ತೆ ಸಿಕ್ಕಾಗ ತಡೆಯಿಲ್ಲದೆ ತಿಂದವರೂ ಇದ್ದರು. ಮನಸ್ಸು ಗಟ್ಟಿ ಇಲ್ಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರು ಇದನ್ನು ಗಮನಿಸಬೇಕು. ಅತಿಯಾದ ಕಡಿತಕ್ಕೆ ದೇಹ ಹೀಗೆಯೇ ಉತ್ತರ ಕೊಡುತ್ತದೆ.

ವಾರಕ್ಕೆ ಮೈತೂಕದ ಶೇ. 0.5ರಷ್ಟು ಇಳಿದರೆ ಒಳ್ಳೆಯ ವೇಗ. ಶೇ. 1 ದಾಟಿದರೆ ಊಟ ಸ್ವಲ್ಪ ಹೆಚ್ಚಿಸಿ.

ಸೂತ್ರದ ಅಂಕಿಯನ್ನು ಎಷ್ಟು ನಂಬಬಹುದು?

ನಾಲ್ಕು ವಾರದ ಮಟ್ಟಿಗೆ. ಒಂದೇ ವಯಸ್ಸು, ಎತ್ತರ, ತೂಕದ ಇಬ್ಬರ ನಡುವೆಯೂ ದಿನಕ್ಕೆ 200–300 ಕ್ಯಾಲೊರಿ ವ್ಯತ್ಯಾಸ ಇರಬಹುದು. ನಿಮ್ಮ ನಿಜವಾದ ಖರ್ಚು ಗೊತ್ತಾಗುವುದು ನಿಮ್ಮದೇ ಪುಸ್ತಕದಿಂದ, ಮತ್ತು ಈ ಇಡೀ ಪುಟದಲ್ಲಿ ನೀವು ಮಾಡಲೇಬೇಕಾದ ಲೆಕ್ಕ ಯಾವುದೆಂದರೆ ಇದೇ.

28 ದಿನ ತಿಂದದ್ದನ್ನೆಲ್ಲ ಬರೆಯಿರಿ, ದಿನವೂ ತೂಕ ನೋಡಿ. ಕೊನೆಗೆ ತಿಂದ ಕ್ಯಾಲೊರಿಯ ದಿನದ ಸರಾಸರಿ ತೆಗೆಯಿರಿ. ಅದು 1600 ಬಂತು ಎಂದುಕೊಳ್ಳೋಣ. ಈ ಅವಧಿಯಲ್ಲಿ ಸರಾಸರಿ ತೂಕ 1.1 ಕಿಲೋ ಇಳಿದಿದೆ. 1.1 × 7700 = 8470. ಅದನ್ನು 28ರಿಂದ ಭಾಗಿಸಿದರೆ ಸುಮಾರು 300. ಅಂದರೆ ದೇಹ ನೀವು ತಿಂದದ್ದಕ್ಕಿಂತ ದಿನಕ್ಕೆ 300 ಹೆಚ್ಚು ಖರ್ಚು ಮಾಡಿದೆ. ನಿಮ್ಮ ನಿಜವಾದ ಖರ್ಚು 1900.

ಇದರಲ್ಲೊಂದು ಅನುಕೂಲ ಇದೆ. ನೀವು ಬರೆಯುವಾಗ ದಿನವೂ 150 ಕ್ಯಾಲೊರಿ ಬಿಟ್ಟುಹೋಗುತ್ತಿದ್ದರೆ ಅದೇ ತಪ್ಪು ಉತ್ತರದಲ್ಲೂ ಕೂತಿರುತ್ತದೆ. ಮುಂದೆಯೂ ಅದೇ ರೀತಿ ಬರೆಯುತ್ತೀರಾದ್ದರಿಂದ ಲೆಕ್ಕ ಹೊಂದಿಕೊಳ್ಳುತ್ತದೆ. ಕೆಡುವುದು ಇವತ್ತು ಅಳೆದು ನಾಳೆ ಅಂದಾಜು ಮಾಡಿದಾಗ. ಮೊದಲ ವಾರದಲ್ಲಿ ನೀರಿನ ತೂಕ ಇಳಿಯುವುದರಿಂದ, ತಾಳ್ಮೆ ಇದ್ದರೆ ಆ ವಾರವನ್ನು ಬಿಟ್ಟು ಎರಡನೆಯ ವಾರದಿಂದ ಎಣಿಸಿ.

ದಿನವೂ ತೂಕ ನೋಡಬೇಕೆ? ಏರಿದ್ದು ಕಂಡರೆ ಮನಸ್ಸು ಕುಗ್ಗುತ್ತದೆ.

ದಿನವೂ ನೋಡಿ, ಆದರೆ ವಾರದ ಸರಾಸರಿಯನ್ನು ಮಾತ್ರ ನಂಬಿ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ಕುಡಿಯುವ ಮುನ್ನ, ಗಟ್ಟಿ ನೆಲದ ಮೇಲಿಟ್ಟ ಯಂತ್ರದಲ್ಲಿ. ಜಮಖಾನದ ಮೇಲಿಟ್ಟರೆ ಅಂಕಿ ತಪ್ಪು ಬರುತ್ತದೆ.

ಒಬ್ಬರ ಎರಡು ವಾರದ ಅಂಕಿಗಳು ಹೀಗಿವೆ ಎಂದುಕೊಳ್ಳಿ. ಮೊದಲ ವಾರ: 74.2, 73.8, 74.5, 74.1, 73.6, 74.0, 73.9. ಎರಡನೆಯ ವಾರ: 73.7, 74.3, 73.9, 73.4, 73.2, 73.8, 73.5. ಎಂಟು ದಿನ ಕಷ್ಟಪಟ್ಟು ಒಂಬತ್ತನೆಯ ದಿನ ಯಂತ್ರ ಹತ್ತಿದಾಗ 74.3 ಕಾಣುತ್ತದೆ. ಶುರುವಿನ ದಿನಕ್ಕಿಂತ 100 ಗ್ರಾಂ ಹೆಚ್ಚು! ಎಷ್ಟೋ ಜನ ಕೈಬಿಡುವುದು ಇದೇ ಬೆಳಿಗ್ಗೆ. ಸರಾಸರಿ ತೆಗೆದರೆ ಮೊದಲ ವಾರ 74.0, ಎರಡನೆಯ ವಾರ 73.7. ವಾರಕ್ಕೆ 300 ಗ್ರಾಂ, ಲೆಕ್ಕ ಹಾಕಿದಷ್ಟಕ್ಕೆ ಹತ್ತಿರವೇ ಇಳಿದಿದೆ.

ಉಪ್ಪು ಜಾಸ್ತಿಯಾದ ಊಟ, ತಡರಾತ್ರಿಯ ಊಟ, ಮಲಬದ್ಧತೆ, ಹೊಸದಾಗಿ ಶುರು ಮಾಡಿದ ಭಾರ ಎತ್ತುವ ವ್ಯಾಯಾಮ, ಇವೆಲ್ಲ ಒಂದೆರಡು ದಿನಕ್ಕೆ ಅರ್ಧ ಕಿಲೋದಿಂದ ಒಂದೂವರೆ ಕಿಲೋವರೆಗೆ ಏರಿಸಬಹುದು. ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಲ್ಲುವುದರಿಂದ ಹೆಂಗಸರು ಈ ವಾರವನ್ನು ಕಳೆದ ವಾರದ ಜೊತೆ ಹೋಲಿಸಬಾರದು, ಕಳೆದ ತಿಂಗಳ ಇದೇ ವಾರದ ಜೊತೆ ಹೋಲಿಸಬೇಕು.

ದಿನವೂ ನೋಡಿದರೆ ನೆಮ್ಮದಿ ಕೆಡುತ್ತದೆ ಎನ್ನುವವರು ಸೊಂಟದ ಸುತ್ತಳತೆಯನ್ನು ಎರಡು ವಾರಕ್ಕೊಮ್ಮೆ ತೆಗೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಬರಬೇಕು, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು.

ಮೊದಲ ವಾರ ಎರಡು ಕಿಲೋ ಇಳಿಯಿತು, ಆಮೇಲೆ ನಿಂತೇಹೋಯಿತು. ಯಾಕೆ?

ಆ ಎರಡು ಕಿಲೋದಲ್ಲಿ ಬಹುಪಾಲು ನೀರು. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಪಿಷ್ಟದ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದಾಗ ಈ ದಾಸ್ತಾನು ಕರಗಿ ನೀರೂ ಹೊರಹೋಗುತ್ತದೆ. ಎರಡನೆಯ ವಾರದ 300 ಗ್ರಾಂ ನೋಡಿ ಬೇಸರಪಡಬೇಡಿ. ಕೊಬ್ಬು ಇಳಿಯುವ ವೇಗವೇ ಅದು.

ಮನೆಯಡುಗೆಯ ಕ್ಯಾಲೊರಿ ಅಳೆಯುವುದು ಹೇಗೆ? ಎಲ್ಲವೂ ಕಲೆತಿರುತ್ತದಲ್ಲ.

ಪಾತ್ರೆಯನ್ನೇ ತೂಗಿ. ಖಾಲಿ ಪಾತ್ರೆಗಳ ತೂಕವನ್ನು ಒಮ್ಮೆ ನೋಡಿ ಅಡುಗೆಮನೆಯಲ್ಲಿ ಬರೆದು ಅಂಟಿಸಿಬಿಡಿ, ದಿನವೂ ತೂಗುವ ಕೆಲಸ ತಪ್ಪುತ್ತದೆ.

ಬೇಳೆಯ ಸಾರಿನಂಥ ಅಡುಗೆಯನ್ನು ತೆಗೆದುಕೊಳ್ಳೋಣ. ಹಸಿ ಬೇಳೆ 150 ಗ್ರಾಂ, ಸುಮಾರು 525 ಕ್ಯಾಲೊರಿ. ಎಣ್ಣೆ 27 ಗ್ರಾಂ, 243. ಈರುಳ್ಳಿ 100 ಗ್ರಾಂ, 40. ಟೊಮೆಟೊ 200 ಗ್ರಾಂ, 36. ಒಟ್ಟು 844. ಬೆಂದ ಮೇಲೆ ಪಾತ್ರೆ ಸಮೇತ 1640 ಗ್ರಾಂ, ಖಾಲಿ ಪಾತ್ರೆ 640. ಅಡುಗೆ 1000 ಗ್ರಾಂ ಆಯಿತು, 100 ಗ್ರಾಂಗೆ 84 ಕ್ಯಾಲೊರಿ. ನೀವು 250 ಗ್ರಾಂ ಬಡಿಸಿಕೊಂಡರೆ 210. ನೀರಿಗೆ ಕ್ಯಾಲೊರಿ ಇಲ್ಲ, ಆದರೆ ಅದು ಒಟ್ಟು ತೂಕ ಬದಲಿಸುತ್ತದೆ. ಅದಕ್ಕೇ ಕೊನೆಯ ತೂಕವನ್ನು ಒಲೆ ಆರಿಸಿದ ಮೇಲೆಯೇ ನೋಡಬೇಕು.

ಎಣ್ಣೆ ತೂಗಲು ಸುಲಭದ ದಾರಿ ಇದೆ. ಎಣ್ಣೆಯ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆ ಮಾಡಿ. ಬೇಕಾದಷ್ಟು ಸುರಿದು ಬಾಟಲಿಯನ್ನು ಮತ್ತೆ ಅಲ್ಲೇ ಇಡಿ. ತಕ್ಕಡಿ −27 ತೋರಿಸಿದರೆ ನೀವು 27 ಗ್ರಾಂ ಸುರಿದಿದ್ದೀರಿ. ಬೆಣ್ಣೆ ಡಬ್ಬ, ಜೇನು ಸೀಸೆ, ಕಡಲೆಕಾಯಿ ಡಬ್ಬ ಎಲ್ಲಕ್ಕೂ ಇದೇ ಉಪಾಯ. ಚಮಚಕ್ಕೆ ಎಷ್ಟು ಅಂಟಿತು ಎಂಬ ಯೋಚನೆಯೇ ಬೇಡ.

15 ಮಿ.ಲೀ. ಚಮಚದ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಕಣ್ಣಳತೆಯಲ್ಲಿ "ಒಂದು ಚಮಚ" ಎಂದು ಸುರಿದದ್ದು ತೂಗಿದಾಗ ಎರಡು ಚಮಚಕ್ಕೆ ಹತ್ತಿರ ಬರುವುದು ತೀರಾ ಸಾಮಾನ್ಯ. ದಿನಕ್ಕೆ ಮೂರು ಅಡುಗೆಗೆ ಹೀಗಾದರೆ 360 ಕ್ಯಾಲೊರಿ ಪುಸ್ತಕದ ಹೊರಗೆ ಉಳಿದವು. ನಾಲ್ಕು ಜನರ ಅಡುಗೆಯಾದರೆ ನಿಮ್ಮ ಪಾಲು 90, ಒಬ್ಬರದೇ ಅಡುಗೆಯಾದರೆ ಇಡೀ ದಿನದ ಕೊರತೆಯೇ ಮಾಯ.

ಹಸಿಯದನ್ನು ತೂಗಬೇಕೋ, ಬೆಂದದ್ದನ್ನೋ?

ಯಾವುದಾದರೂ ಸರಿ, ನೋಡುವ ಅಂಕಿ ಅದಕ್ಕೆ ಹೊಂದಬೇಕು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 360 ಕ್ಯಾಲೊರಿ. ಅದೇ ಬೆಂದು ಸುಮಾರು 300 ಗ್ರಾಂ ಅನ್ನವಾದಾಗ 100 ಗ್ರಾಂಗೆ 120–130. ಹಸಿ ಅಕ್ಕಿ ತೂಗಿ ಅನ್ನದ ಅಂಕಿ ಬರೆದರೆ ಮೂರು ಪಟ್ಟು ಕಡಿಮೆ ಬರೆದ ಹಾಗೆ. ಮಾಂಸದ್ದು ಇದಕ್ಕೆ ತಿರುಗಾಮುರುಗ: ಬೆಂದಾಗ ನೀರು ಬಿಟ್ಟು ತೂಕ ಕಾಲುಭಾಗದಷ್ಟು ಇಳಿಯುತ್ತದೆ. ಫೋನಿನ ಆ್ಯಪ್‌ಗಳಲ್ಲಿ "ಬೆಂದದ್ದು" ಎಂಬ ಪದ ಇದೆಯೇ ಎಂದು ನೋಡಿಯೇ ಆರಿಸಿ.

ತಕ್ಕಡಿ ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ, ಆದರೆ ಮೊದಲ ನಾಲ್ಕು ವಾರವಾದರೂ ತಕ್ಕಡಿ ಇರಲಿ ಎನ್ನುವುದು ನಮ್ಮ ಒತ್ತಾಯ. ಕಣ್ಣಿಗೆ ಅಳತೆ ಬರುವುದು ತೂಗಿ ನೋಡಿದ ಮೇಲೆಯೇ. ಆಮೇಲೆ ಕೈಯ ಅಳತೆ ಸಾಕು: ಮುಷ್ಟಿಯಷ್ಟು ಅನ್ನಕ್ಕೆ ಸುಮಾರು 200, ಹೆಬ್ಬೆರಳಿನಷ್ಟು ಬೆಣ್ಣೆಗೆ ಸುಮಾರು 100 ಕ್ಯಾಲೊರಿ. ಒಂದು ಹಿಡಿ ಕಡಲೆಕಾಯಿ ಬೀಜ, ಸುಮಾರು 30 ಗ್ರಾಂ, 170. ಬೀಜಗಳು ಪೌಷ್ಟಿಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡಬ್ಬ ಪಕ್ಕದಲ್ಲಿಟ್ಟುಕೊಂಡು ತಿನ್ನಬೇಡಿ, ಬಟ್ಟಲಿಗೆ ತೂಗಿ ಹಾಕಿಕೊಂಡು ಡಬ್ಬ ಮುಚ್ಚಿಡಿ.

ಪೊಟ್ಟಣದ ಮೇಲಿನ ಅಂಕಿ ಸರಿ ಇರುತ್ತದೆಯೇ?

ಹೆಚ್ಚುಕಡಿಮೆ. ಕೆಲವು ದೇಶಗಳ ನಿಯಮದಲ್ಲಿ ಶೇ. 20ರವರೆಗಿನ ವ್ಯತ್ಯಾಸಕ್ಕೆ ಅವಕಾಶ ಇದೆ. ಅದಕ್ಕಿಂತ ದೊಡ್ಡ ಮೋಸ ಹೋಗುವುದು "ಒಂದು ಸಲದ ಪ್ರಮಾಣ" ಎಂಬ ಸಾಲಿನಲ್ಲಿ. ಮುಂದೆ ದೊಡ್ಡದಾಗಿ ಕಾಣುವ 130 ಕ್ಯಾಲೊರಿ 25 ಗ್ರಾಂಗೆ ಇರಬಹುದು, ಪೊಟ್ಟಣದಲ್ಲಿ 100 ಗ್ರಾಂ ಇರಬಹುದು. ಯಾವಾಗಲೂ 100 ಗ್ರಾಂನ ಸಾಲು ಓದಿ, ನೀವು ತಿಂದ ತೂಕಕ್ಕೆ ಗುಣಿಸಿ.

ನಾನು ತೀರಾ ಕಡಿಮೆ ತಿನ್ನುತ್ತೇನೆ, ಆದರೂ ಇಳಿಯುವುದಿಲ್ಲ. ನನ್ನ ದೇಹವೇ ಹೀಗಾ?

1992ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ದೂರಿನವರನ್ನು ಪರೀಕ್ಷಿಸಿತು. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ 10 ಜನರ ನಿಜವಾದ ಖರ್ಚನ್ನು ನಿಖರವಾಗಿ ಅಳೆದರು. ದೇಹದ ಖರ್ಚಿನಲ್ಲಿ ದೋಷ ಇರಲಿಲ್ಲ. ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಬರೆದಿದ್ದರು, ಓಡಾಟವನ್ನು ಶೇ. 51ರಷ್ಟು ಹೆಚ್ಚು ಬರೆದಿದ್ದರು. ಇದರಲ್ಲಿ ಸುಳ್ಳು ಹೇಳುವ ಉದ್ದೇಶ ಹುಡುಕಬೇಕಾಗಿಲ್ಲ. ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಗುವಿನ ತಟ್ಟೆಯಲ್ಲಿ ಉಳಿದದ್ದು, ಕಾಫಿಗೆ ಹಾಕಿದ ಹಾಲು ಸಕ್ಕರೆ, ಇವನ್ನು ಮನಸ್ಸು ಊಟವೆಂದು ಎಣಿಸುವುದೇ ಇಲ್ಲ. ತಿನ್ನುವ ಮುನ್ನ ಬರೆಯಿರಿ, ರಾತ್ರಿ ನೆನಪಿಸಿಕೊಂಡು ಬರೆಯಬೇಡಿ.

ಎರಡು ವಾರ ಹೀಗೆ ಕಟ್ಟುನಿಟ್ಟಾಗಿ ತೂಗಿ ಬರೆದರೂ ಅಂಕಿ ಹೊಂದದಿದ್ದರೆ, ಜೊತೆಗೆ ಸುಸ್ತು, ಚಳಿ ತಡೆಯದಿರುವುದು, ಕೂದಲು ಉದುರುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಸಿವು ತಡೆಯುವುದು ಹೇಗೆ?

ಮೊದಲು ಪ್ರೋಟೀನ್. ಮೈತೂಕದ ಕಿಲೋಗೆ 1.2ರಿಂದ 1.6 ಗ್ರಾಂ ದಿನಕ್ಕೆ. ತೂಕ ತುಂಬಾ ಹೆಚ್ಚಿದ್ದರೆ ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಾಕಿ. ಗುರಿ 62 ಕಿಲೋ ಇದ್ದವರಿಗೆ 75ರಿಂದ 100 ಗ್ರಾಂ. ಅದನ್ನು ಮೂರು ಊಟಕ್ಕೆ ಹಂಚಿದರೆ ಪ್ರತಿ ಊಟಕ್ಕೆ 25–33. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಹಸಿ ಬೇಳೆಯಲ್ಲಿ 22–25 ಗ್ರಾಂ. ಪ್ರೋಟೀನ್ ಜೀರ್ಣವಾಗಲು ಅದರದೇ ಶಕ್ತಿಯ ಶೇ. 20–30 ಖರ್ಚಾಗುತ್ತದೆ, ಪಿಷ್ಟಕ್ಕೆ ಶೇ. 5–10, ಕೊಬ್ಬಿಗೆ ಶೇ. 3ರೊಳಗೆ. ಸ್ನಾಯು ಉಳಿಯುವುದೂ ಇದರಿಂದಲೇ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಜೊತೆಗಿರಬೇಕು.

ಎರಡನೆಯದು ತಟ್ಟೆಯ ಗಾತ್ರ ಕುಗ್ಗಿಸದಿರುವುದು. ತರಕಾರಿಗಳಲ್ಲಿ ಬಹಳಷ್ಟಕ್ಕೆ 100 ಗ್ರಾಂಗೆ 20–40 ಕ್ಯಾಲೊರಿ ಮಾತ್ರ. ಅನ್ನ 250 ಗ್ರಾಂ ತಿನ್ನುತ್ತಿದ್ದವರು 150ಕ್ಕೆ ಇಳಿಸಿ, ಬಿಟ್ಟ ಜಾಗಕ್ಕೆ 200 ಗ್ರಾಂ ಬೇಯಿಸಿದ ತರಕಾರಿ ಹಾಕಿಕೊಂಡರೆ ತಟ್ಟೆ ಇನ್ನೂ ತುಂಬಿದಂತೆ ಕಾಣುತ್ತದೆ, ಕ್ಯಾಲೊರಿ ಸುಮಾರು 70 ಇಳಿಯುತ್ತದೆ. ನಾರು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಒಂದೆರಡು ವಾರದಲ್ಲಿ ಹಂತಹಂತವಾಗಿ ಏರಿಸಿ, ನೀರು ಹೆಚ್ಚು ಕುಡಿಯಿರಿ.

ಮೂರನೆಯದು ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸು. 2019ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ತಂಡದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಇಂಥ ಊಟ, ಎರಡು ವಾರ ಸರಳ ಊಟ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟರು. ಸಂಸ್ಕರಿಸಿದ ಊಟದ ದಿನಗಳಲ್ಲಿ ಅವರು ತಮಗೆ ತಿಳಿಯದೆಯೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು.

ನಾಲ್ಕನೆಯದು ನಿದ್ದೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ ಅಧಿಕ ತೂಕದ 80 ಜನರಲ್ಲಿ ನಿದ್ದೆ ಹೆಚ್ಚಿಸಿಕೊಂಡವರು, ಹೆಚ್ಚಿಸಿಕೊಳ್ಳದವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಅವರಿಗೆ ಊಟದ ಬಗ್ಗೆ ಯಾವ ಸಲಹೆಯನ್ನೂ ಕೊಟ್ಟಿರಲಿಲ್ಲ.

ಕುಡಿಯುವುದನ್ನೂ ಎಣಿಸಬೇಕೆ?

ನೀರು ಬಿಟ್ಟು ಎಲ್ಲವನ್ನೂ. ಕೆನೆ ತೆಗೆಯದ ಹಾಲು 100 ಮಿ.ಲೀ.ಗೆ 60ರ ಮೇಲೆ, ಒಂದು ಟೀ ಚಮಚ ಸಕ್ಕರೆ 16. ಲೋಟಕ್ಕೆ 100 ಮಿ.ಲೀ. ಹಾಲು, ಎರಡು ಚಮಚ ಸಕ್ಕರೆ ಹಾಕಿ ದಿನಕ್ಕೆ ನಾಲ್ಕು ಸಲ ಕುಡಿದರೆ 370ರ ಹತ್ತಿರ. ಹಣ್ಣಿನ ರಸಕ್ಕಿಂತ ಹಣ್ಣು ತಿನ್ನಿ: ಅಗಿಯಬೇಕು, ಹೊಟ್ಟೆಯೂ ತುಂಬುತ್ತದೆ.

ಉಪವಾಸ ಅಥವಾ ಎಂಟು ಗಂಟೆಯೊಳಗೆ ತಿನ್ನುವ ಪದ್ಧತಿ ಉತ್ತಮವೇ?

ಒಟ್ಟು ಕ್ಯಾಲೊರಿ ಒಂದೇ ಇದ್ದರೆ ಫಲವೂ ಹೆಚ್ಚುಕಡಿಮೆ ಒಂದೇ. ಹೊತ್ತು ಕಟ್ಟಿಕೊಂಡರೆ ನಿಮಗೆ ಸುಲಭ ಅನ್ನಿಸಿದರೆ ಮಾಡಿ.

ಕೈಗಡಿಯಾರ 400 ಕ್ಯಾಲೊರಿ ಕರಗಿತು ಎನ್ನುತ್ತದೆ. ಅಷ್ಟು ಹೆಚ್ಚು ತಿನ್ನಬಹುದೇ?

ಬೇಡ. ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಕ್ಯಾಲೊರಿ ಅಂಕಿಯಲ್ಲಿ ಅತ್ಯುತ್ತಮ ಸಾಧನವೂ ಸರಾಸರಿ ಶೇ. 27ರಷ್ಟು ತಪ್ಪಿತ್ತು, ತೀರಾ ಕೆಟ್ಟದ್ದು ಶೇ. 93. 70 ಕಿಲೋದವರು ಒಂದು ಕಿಲೋಮೀಟರ್ ನಡೆದರೆ ಸುಮಾರು 50 ಕ್ಯಾಲೊರಿ. ಅದರಲ್ಲೂ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿದ್ದ ಪಾಲು ಸೇರಿದೆ. ವ್ಯಾಯಾಮವನ್ನು ಗುಣಕದಲ್ಲಿ ಒಮ್ಮೆ ಸೇರಿಸಿಯಾಗಿದೆ. ಗಡಿಯಾರ ನೋಡಿ ಮತ್ತೆ ತಿಂದರೆ ಒಂದನ್ನೇ ಎರಡು ಸಲ ಎಣಿಸಿದಂತೆ.

ವಾರಾಂತ್ಯದಲ್ಲಿ ಮಾತ್ರ ಸಡಿಲ ಬಿಡುತ್ತೇನೆ. ಪರವಾಗಿಲ್ಲವೇ?

ಲೆಕ್ಕ ನೋಡಿ. ಐದು ದಿನ 400ರಂತೆ ಉಳಿಸಿದ್ದು 2000. ಎರಡು ದಿನ ಖರ್ಚಿಗಿಂತ 900ರಂತೆ ಹೆಚ್ಚು ತಿಂದದ್ದು 1800. ವಾರದ ಕೊನೆಗೆ ಉಳಿದದ್ದು 200, ಅಂದರೆ 26 ಗ್ರಾಂ. ಸಮಾರಂಭ ಇದೆ ಎಂದು ಮೊದಲೇ ಗೊತ್ತಿದ್ದರೆ ಹಿಂದಿನ ನಾಲ್ಕು ದಿನ 100ರಂತೆ ಉಳಿಸಿ, ಆ ದಿನ ನೆಮ್ಮದಿಯಾಗಿ ತಿನ್ನಿ. ಗೊತ್ತಿಲ್ಲದೆ ಹೆಚ್ಚು ತಿಂದುಬಿಟ್ಟರೆ ಬರೆದಿಟ್ಟು ಮರುದಿನ ಮಾಮೂಲಿ ಊಟಕ್ಕೆ ಮರಳಿ. ಶಿಕ್ಷೆಯ ಹಾಗೆ ಉಪವಾಸ ಬಿದ್ದರೆ ಸಂಜೆಗೆ ಮತ್ತೆ ಹಿಡಿತ ತಪ್ಪುತ್ತದೆ.

ಹೊರಗಿನ ಊಟಕ್ಕೆ ಅಂಕಿ ಸಿಗದಿದ್ದರೆ ಮನೆಯದೇ ಅಡುಗೆಯ ಅಂಕಿ ಹಾಕಿ, ಎಣ್ಣೆ ಬೆಣ್ಣೆಯ ಬಾಬ್ತು ಕಾಲುಭಾಗ ಸೇರಿಸಿ.

ಮೂರು ತಿಂಗಳು ಚೆನ್ನಾಗಿ ಇಳಿದು ಈಗ ನಿಂತಿದೆ. ಏನು ಮಾಡಲಿ?

ನಿಂತಿದೆ ಎನ್ನಲು ವಾರದ ಸರಾಸರಿ ನಾಲ್ಕು ವಾರ ಕದಲದೆ ಇರಬೇಕು. ಸೊಂಟದ ಅಳತೆಯೂ ಇಳಿಯುತ್ತಿರಬಾರದು. ಹತ್ತು ದಿನದ ಸ್ತಬ್ಧತೆಗೆ ಏನೂ ಬದಲಿಸಬೇಡಿ.

ನಿಜವಾಗಿಯೂ ನಿಂತಿದ್ದರೆ ಮೊದಲು ಒಂದು ವಾರ ಮತ್ತೆ ಎಲ್ಲವನ್ನೂ ತೂಗಿ. ತಿಂಗಳು ಕಳೆದಂತೆ ಅಳತೆ ಸಡಿಲವಾಗುತ್ತದೆ, ಎಣ್ಣೆಯ ಧಾರೆ ದಪ್ಪವಾಗುತ್ತದೆ. ಅಲ್ಲಿ ತಪ್ಪಿಲ್ಲವೆಂದರೆ ದೇಹದ ಖರ್ಚೇ ಇಳಿದಿದೆ. 74ರಿಂದ 66 ಕಿಲೋಗೆ ಬಂದವರಿಗೆ ಸೂತ್ರದ ಪ್ರಕಾರವೇ ಖರ್ಚು ದಿನಕ್ಕೆ 110 ಕಡಿಮೆ (8 × 10 × 1.375). ಇದರ ಮೇಲೆ, ಕಡಿಮೆ ತಿನ್ನುವ ದೇಹ ಅರಿವಿಲ್ಲದೆ ಓಡಾಟವನ್ನೂ ಕಡಿಮೆ ಮಾಡುತ್ತದೆ: ಕೂತಲ್ಲಿಂದ ಏಳುವುದು, ಮೆಟ್ಟಿಲು ಹತ್ತುವುದು, ನಿಂತು ಮಾತಾಡುವುದು ಎಲ್ಲ ತಗ್ಗುತ್ತವೆ. ಹೆಜ್ಜೆ ಎಣಿಸುವ ಫೋನು ಇದ್ದರೆ ಮೊದಲ ತಿಂಗಳ ಸರಾಸರಿಗೂ ಈಗಿನದಕ್ಕೂ ಹೋಲಿಸಿ. ಹೆಜ್ಜೆ ಇಳಿದಿದ್ದರೆ ಅದನ್ನು ಮೊದಲಿನ ಮಟ್ಟಕ್ಕೆ ತನ್ನಿ. ಇಳಿದಿಲ್ಲವಾದರೆ ಊಟದಿಂದ 100 ಮಾತ್ರ ಕಳೆಯಿರಿ.

ಮೂರು ತಿಂಗಳಿನಿಂದ ಸತತವಾಗಿ ಕಡಿತದಲ್ಲಿದ್ದು ಸುಸ್ತು, ಸಿಡುಕು, ನಿದ್ದೆಗೇಡು ಕಾಣುತ್ತಿದ್ದರೆ ಇನ್ನೂ ಕಳೆಯುವ ಬದಲು ಎರಡು ವಾರ ಪೂರ್ತಿ ಖರ್ಚಿನಷ್ಟು ತಿನ್ನಿ. ಮುಟ್ಟು ನಿಂತುಹೋಗಿದ್ದರೆ ಕಡಿತವನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಿ.

ಗುರಿಯ ತೂಕ ಮುಟ್ಟಿದ ಮೇಲೆ?

ಹಳೆಯ ಊಟಕ್ಕೆ ಮರಳಿದರೆ ಹಳೆಯ ತೂಕವೂ ಮರಳುತ್ತದೆ, ಯಾಕೆಂದರೆ ಆ ಊಟ ಹಳೆಯ ತೂಕದ ದೇಹಕ್ಕೆ ಹೊಂದಿದ್ದು. ಎರಡು ವಾರಕ್ಕೊಮ್ಮೆ ದಿನಕ್ಕೆ 100–150 ಕ್ಯಾಲೊರಿ ಏರಿಸುತ್ತ ಹೋಗಿ. ಶುರುವಿನಲ್ಲಿ ಅರ್ಧದಿಂದ ಒಂದು ಕಿಲೋ ಏರುವುದು ಗ್ಲೈಕೋಜನ್, ನೀರು, ಹೊಟ್ಟೆಯಲ್ಲಿರುವ ಊಟದ ತೂಕ. ಅದಕ್ಕೆ ಹೆದರಿ ಮತ್ತೆ ಕಡಿತಕ್ಕೆ ಇಳಿಯಬೇಡಿ. ವಾರದ ಸರಾಸರಿ ನಾಲ್ಕು ವಾರ ಒಂದೇ ಕಡೆ ನಿಂತಾಗ ನೀವು ತಿನ್ನುತ್ತಿರುವುದೇ ನಿಮ್ಮ ಹೊಸ ಖರ್ಚು.

ಆಮೇಲೆ ಊಟ ಬರೆಯುವುದನ್ನು ನಿಲ್ಲಿಸಬಹುದು, ತೂಕ ನೋಡುವುದನ್ನು ನಿಲ್ಲಿಸಬೇಡಿ. ಗುರಿಯ ತೂಕಕ್ಕಿಂತ 2 ಕಿಲೋ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ವಾರದ ಸರಾಸರಿ ಆ ಗೆರೆ ದಾಟಿದರೆ ತಕ್ಕಡಿಯನ್ನು ಮತ್ತೆ ಹೊರತೆಗೆದು ಆರು ವಾರ ಮೊದಲಿನಂತೆ 300 ಕಡಿತಕ್ಕೆ ಹೋಗಿ. ಎಣ್ಣೆಯ ಬಾಟಲಿಯನ್ನು ತಕ್ಕಡಿಯ ಮೇಲಿಟ್ಟು ಸುರಿಯುವ ಅಭ್ಯಾಸವನ್ನು ಮಾತ್ರ ಯಾವತ್ತೂ ಬಿಡದಿದ್ದರೆ ಒಳ್ಳೆಯದು. ಅದಕ್ಕೆ ಹತ್ತು ಸೆಕೆಂಡು ಸಾಕು.